ಲಕ್ವ ಹೊಡೆದವರ ನಡಿಗೆಯನ್ನು ಮನೆಯಲ್ಲೇ ಅಳೆಯೋದು ಹೇಗೆ

"ಮೊದಲಿಗಿಂತ ಪರವಾಗಿಲ್ಲ" ಅಂದರೆ ಫಿಸಿಯೋಥೆರಪಿಸ್ಟ್‌ಗೆ ಏನೂ ತಿಳಿಯದು, ಸೆಕೆಂಡಿನ ಲೆಕ್ಕ ಬೇಕು. 1991ರಲ್ಲಿ ಪ್ರಕಟವಾದ 'ಟೈಮ್ಡ್ ಅಪ್ ಅಂಡ್ ಗೋ' ಪರೀಕ್ಷೆ, ಅಂದರೆ ಕುರ್ಚಿಯಿಂದ ಎದ್ದು ನಡೆದು ವಾಪಸ್ ಬಂದು ಕೂರಲು ಎಷ್ಟು ಹೊತ್ತು ಅಂತ ಅಳೆಯೋದು, ಅದಕ್ಕೆ ಸಾಕು. ಹಿಡಿದೆತ್ತದೆ ಏಳಲಾಗದವರಿಗೆ ಮಾತ್ರ ಇದು ಬೇಡ.

ಸುಮಾರು 46 ಸೆಂ.ಮೀ. ಎತ್ತರದ, ಕೈಯಿರುವ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಮಂಡ್ಯ ಕಡೆಯ ಹಳೇ ಮನೆಗಳ ನುಣುಪು ಕೆಂಪು ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಏಳುವಾಗಲೇ ಹಿಂದಕ್ಕೆ ಜಾರುತ್ತೆ. ಕುರ್ಚಿಯಿಂದ 3 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರೋದು ಹಾಕಿಸಿ. ದಿನಾ ಹಿಡಿಯುವ ಕೋಲು ಕೈಯಲ್ಲಿರಲಿ.

ಒಮ್ಮೆ ಅಭ್ಯಾಸ ಮಾಡಿಸಿ. ಆಮೇಲೆ "ಏಳಿ" ಅಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಗೆರೆ ಮುಟ್ಟಿ ತಿರುಗಿ ಬಂದು ಕೂತಾಗ ನಿಲ್ಲಿಸಿ. "ಬೇಗ ಬನ್ನಿ ಅಪ್ಪಾ" ಅನ್ನಬೇಡಿ, ಮಾಮೂಲಿ ನಡಿಗೆಯೇ ಬೇಕು. ನೀವು ಸೋತ ಕಾಲಿನ ಕಡೆ, ಅರ್ಧ ಹೆಜ್ಜೆ ಹಿಂದಿರಿ. ಮುಂದೆ ಹೋದರೆ ನಿಮ್ಮ ವೇಗಕ್ಕೆ ಅವರು ನಡೆಯತೊಡಗುತ್ತಾರೆ.

ತಿರುವಿನ ಮೇಲೆ ಕಣ್ಣಿರಲಿ. ಸೋತ ಪಾದದ ಬೆರಳ ತುದಿ ನೆಲಕ್ಕೆ ಉಜ್ಜಿ, ಮೈ ತಿರುಗಿದರೂ ಕಾಲು ಹಿಂದೆಯೇ ಉಳಿಯುತ್ತೆ, ಮುಗ್ಗರಿಸೋದು ಇಲ್ಲೇ. ಎಷ್ಟು ಹೆಜ್ಜೆಯಲ್ಲಿ ತಿರುಗಿದರು ಅಂತಲೂ ಬರೆದಿಡಿ.

ವಯಸ್ಸಾದವರಲ್ಲಿ 12 ಸೆಕೆಂಡ್ ದಾಟಿದರೆ ಬೀಳುವ ಅಪಾಯವಿದೆ ಅಂತ ಲೆಕ್ಕ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ಅಳೆಯಿರಿ. ಒಂದು ಸೆಕೆಂಡ್ ಇಳಿದರೆ ಹಿಗ್ಗಬೇಡಿ. ಸುಮಾರು 3 ಸೆಕೆಂಡ್ ಇಳಿದರೆ ನಡಿಗೆ ನಿಜಕ್ಕೂ ಸುಧಾರಿಸಿದೆ ಅಂತ ನಂಬಬಹುದು.