ಬೀದಿದೀಪ ಕೆಟ್ಟ ಮೇಲೆ ಬಾಲಕ್ಕೆ ಕಣ್ಣು ಬಂತು

ಕಾರವಾರದ ಸೆಕೆಯಲ್ಲಿ, ನೀರು ತಣಿಸುವ ಚಿಲ್ಲರ್ ಇಲ್ಲದೆ, ಹಿತ್ತಿಲ ಕೋಣೆಯಲ್ಲಿ ಸಿಲ್ಲಿಸ್ ಎಂಬ ಕಡಲ ಹುಳು ಸಾಕಿ ಸ್ಟೋಲನ್ (ಸಂತಾನಕ್ಕಾಗಿ ಕಳಚಿಕೊಂಡು ಈಜಿಹೋಗುವ ಬಾಲದ ತುಂಡು) ಬಿಡಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. "ಸೀಗಡಿ ಹ್ಯಾಚರಿಗೆ ಬೇಕಾಗುವ ಹುಳು ಸಾಕಿ ಮಾರಾಯರೇ, ನಾಲ್ಕು ಕಾಸಾದರೂ ಬಂದೀತು" ಎಂದರು ಒಬ್ಬರು. ಇದುವರೆಗೆ ಐದು ಸುತ್ತು ಬಿಡಿಸಿದ್ದೇನೆ.

ಮೊದಲ ವರ್ಷ ಸತ್ತ ಹುಳು ಎಣಿಸುವುದರಲ್ಲೇ ಕಳೆಯಿತು. ಅಮಾವಾಸ್ಯೆಯ ಇಳಿತದಲ್ಲಿ ಬಂಡೆಯ ಪಾಚಿ ಕೆರೆದು ಸುಮಾರು 80 ಹುಳು ತಂದಿದ್ದೆ. ಮುಚ್ಚಳವಿಲ್ಲದ ಬಟ್ಟಲುಗಳಲ್ಲಿ ನೀರು ಆರಿ ಲವಣಾಂಶ ಸಾವಿರಕ್ಕೆ 33ರಿಂದ 40 ದಾಟಿತು. ಅರ್ಧ ಅಲ್ಲೇ ಮುಗಿದವು. ಉಳಿದವುಗಳಿಗೆ ಪ್ರೀತಿಯಿಂದ ಪಾಲಕ್ ಸುರಿದೆ, ನೀರು ಕೊಳೆತು ನಾರಿತು. ಜುಲೈಯಲ್ಲಿ ಹೊಸ ನೀರಿಗೆ ಹೋದರೆ ಕಾಳಿ ನದಿಯ ಕೆಂಪು ನೀರು ದಡದುದ್ದಕ್ಕೂ ಹರಡಿತ್ತು. ಈಗ ಮೇ ತಿಂಗಳಲ್ಲೇ 200 ಲೀಟರ್ ಸೋಸಿ ಕತ್ತಲಲ್ಲಿ ಇಟ್ಟುಕೊಳ್ಳುತ್ತೇನೆ.

ಚಿಲ್ಲರ್‌ಗೆ 40 ಸಾವಿರದ ಹತ್ತಿರ ಹೇಳಿದ್ದರು. ಮೀನಿನ ಹಳೆಯ ಥರ್ಮೋಕೋಲ್ ಪೆಟ್ಟಿಗೆಯನ್ನು 150ಕ್ಕೆ ತಂದು, ದಿನಕ್ಕೆರಡು ಸಲ ಹಿಮಗಟ್ಟಿದ ಬಾಟಲಿ ಬದಲಿಸಿದೆ. 24-25 ಡಿಗ್ರಿ ನಿಂತಿತು. ಹುಳುಗಳು ಉಂಡು ದಪ್ಪಗಾದವು, ಅಷ್ಟೇ. ಎರಡು ವರ್ಷದಲ್ಲಿ 18 ಸಾವಿರ ಕರಗಿತ್ತು.

ಒಂದು ಗಾಳಿಮಳೆಗೆ ಮನೆಯೆದುರಿನ ಬೀದಿದೀಪ ಕೆಟ್ಟಿತು. ಮೂರು ವಾರ ಯಾರೂ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಎರಡು ಹುಳುಗಳ ಬಾಲ ಉಬ್ಬಿತು. ಇದೇ ಬಳಗದ ಯುರೋಪಿನ ಹುಳು ಟೈಪೋಸಿಲ್ಲಿಸ್ ಪ್ರೊಲಿಫೆರಾ ಸ್ಟೋಲನ್ ಕಟ್ಟಲು ಬೆಳದಿಂಗಳ ಲೆಕ್ಕ ಇಡುತ್ತದೆಂದು ನಾನೂ ಓದಿದ್ದೆ. ಕಿಟಕಿಯ ಆ ಬೆಳಕು ನನ್ನ ಹುಳುಗಳಿಗೆ ತಿಂಗಳಿಡೀ ಹುಣ್ಣಿಮೆಯಾಗಿತ್ತು ಎಂಬುದು ಮಾತ್ರ ಹೊಳೆದಿರಲಿಲ್ಲ. ಕಪ್ಪು ಪರದೆ ಕಟ್ಟಿದೆ. ತಿಂಗಳಿಗೆ ಆರೇಳು ರಾತ್ರಿ ಮಾತ್ರ ಬೆಳದಿಂಗಳ ಬದಲಿಗೆ ಒಂದು ಮಂದ ಬಲ್ಬು. ಅದಕ್ಕೆ ಏನನ್ನು ಎಷ್ಟು ಸುತ್ತು ಸುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯ ತಿಂಗಳು 30ರಲ್ಲಿ 19 ಹುಳುಗಳು ಒಂದೇ ವಾರದಲ್ಲಿ ಸಿದ್ಧವಾದವು. ಬಾಲದ ಹದಿನೈದಿಪ್ಪತ್ತು ವಲಯಗಳು ಮೊಟ್ಟೆಯಿಂದ ಬಿಗಿದು, ಅವುಗಳ ಮುಂತುದಿಯಲ್ಲಿ ಕೆಂಪು ಕಣ್ಣುಗಳು ಮೂಡಿದ್ದವು. ಹುಳುವಿನ ನಡುಮೈಯಲ್ಲಿ ಕಣ್ಣು! ಬಳಿಕ ಬದಿಗಳಲ್ಲಿ ಈಜುವ ಉದ್ದ ಬಿರುಗೂದಲು ಬಂದವು. ಬಾಯಿಲ್ಲ, ಮೊಟ್ಟೆ ಬಿಟ್ಟು ಸಾಯುವುದಕ್ಕೆ ಊಟವೇಕೆ? ಒಂದು ಸ್ಟೋಲನ್ ಎಡಕ್ಕೂ ಬಲಕ್ಕೂ ಒದರಾಡಿ ಕಿತ್ತುಕೊಂಡು ಮೇಲಕ್ಕೆ ಈಜಿತು. ತಾಯಿಹುಳು ಗಾಯ ಮಾಯುವ ಮೊದಲೇ ಪಾಲಕ್ ಮೇಯುತ್ತಿತ್ತು. ಮುಂದಿನ ತಿಂಗಳಿಗೆ ಮತ್ತೆ ಬಾಲ.

ಇದನ್ನೆಲ್ಲ ಮೊಗ್ಗುವಿಕೆ (ಮೈಯಿಂದ ಹೊಸದಾಗಿ ಮರಿ ಮೂಡುವುದು) ಎಂದು ಒಂದೇ ಗಂಟಿಗೆ ಕಟ್ಟುವವರ ಮೇಲೆ ನನಗೆ ಸಿಟ್ಟಿದೆ. ಇಲ್ಲಿ ಇದ್ದ ವಲಯಗಳೇ ರೂಪ ಬದಲಿಸುತ್ತವೆ. ನಿಜವಾದ ಮೊಗ್ಗು ಬೇಕಿದ್ದರೆ ಸಿಲ್ಲಿಸ್‌ನ ನೆಂಟರಾದ ಆಟೊಲೈಟಸ್ ಗುಂಪನ್ನು ನೋಡಬೇಕು: ಹೈಡ್ರಾಯ್ಡ್ ಎಂಬ ಗಿಡದಂಥ ಪುಟ್ಟ ಕಡಲಪ್ರಾಣಿಗಳ ಗೊಂಚಲಲ್ಲಿ ಸಿಕ್ಕ ಒಂದರ ಹಿಂದೆ ನಾಲ್ಕು ಸ್ಟೋಲನ್‌ಗಳ ರೈಲು, ಹಿರಿಯದು ಕೊನೆಯ ಬೋಗಿ. ಅದರ ಊಟವಾದ ಹೈಡ್ರಾಯ್ಡ್ ತೀರಿತು, ನಾಲ್ಕನೆಯ ದಿನ ಅದೂ ಹೋಯಿತು.

ಇನ್ನೊಂದು ತುಂಟತನ: ಆರು ಹುಳುಗಳಲ್ಲಿ ಗಂಟಲ ಹಿಂದಿನ ಪೀಪಾಯಿಯಂಥ ಪ್ರೊವೆಂಟ್ರಿಕಲ್ ಎಂಬ ಅಂಗವನ್ನು ಕತ್ತರಿಸಿ ತೆಗೆದೆ. ಬದುಕಿದ ಮೂರೂ ಬಲ್ಬಿಗೆ ಕಾಯದೆ ಸ್ಟೋಲನ್ ಕಟ್ಟಲು ಹೊರಟವು.

ಮೊನ್ನೆ ಬೀದಿದೀಪ ರಿಪೇರಿಯಾಯಿತು, ಮೊದಲಿಗಿಂತ ಪ್ರಖರ. ಕಿಟಕಿಗೆ ಎರಡನೆಯ ಪರದೆ ಹೊಲಿಸಿದೆ, 340 ರೂಪಾಯಿ.