ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಡಿಪಾಸಿಟ್ ಹಿಂದಿರುಗದಿದ್ದರೆ: ಸ್ಮಾಲ್ ಕ್ಲೇಮ್ಸ್ ಕೋರ್ಟಿನ ದಾರಿ

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆಂದು ಮಾಲೀಕರು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರೆ ನಾವು ತಕರಾರು ಮಾಡುವುದಿಲ್ಲ. ಕೋರ್ಟು ಮೆಟ್ಟಿಲು ಹತ್ತುವುದಕ್ಕಿಂತ ಅದೇ ವಾಸಿ ಎನಿಸುತ್ತದೆ. ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾನು ಬಸವನಗುಡಿಯ ತವರಿಗೆ ಬಂದಾಗಲೆಲ್ಲ, ಅಲ್ಲಿಗೆ ಹೊರಟು ನಿಂತವರಿಗೆ ಹೇಳುವುದು ಒಂದೇ: ಈ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ.

ಅಲ್ಲಿನ ಕಾನೂನಿನಂತೆ ನೀವು ಮನೆ ಬಿಟ್ಟ 21 ದಿನಗಳೊಳಗೆ ಮಾಲೀಕರು ಡಿಪಾಸಿಟ್ ಹಿಂದಿರುಗಿಸಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಕಡಿತವಾಯಿತೆಂದು ಲೆಕ್ಕ ಬರೆದು ಉಳಿದದ್ದನ್ನು ಕೊಡಬೇಕು. ದಿನಬಳಕೆಯಿಂದ ಸಹಜವಾಗಿ ಆದ ಸವೆತಕ್ಕೆ ಹಣ ಹಿಡಿಯುವಂತಿಲ್ಲ. ದುರುದ್ದೇಶದಿಂದ ಹಿಡಿದಿಟ್ಟದ್ದು ಸಾಬೀತಾದರೆ ಡಿಪಾಸಿಟ್‌ನ ಎರಡು ಪಟ್ಟಿನವರೆಗೆ ಹೆಚ್ಚುವರಿ ಹಣ ಕೊಡಿಸುವ ಅಧಿಕಾರವೂ ನ್ಯಾಯಾಧೀಶರಿಗಿದೆ.

ಮೊದಲು ಮಾಲೀಕರಿಗೆ ಪತ್ರ ಬರೆದು ಹಣ ಕೇಳಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಅವರು ಕೊಡದಿದ್ದರೆ, ಸಣ್ಣ ಮೊತ್ತದ ಹಣದ ತಕರಾರುಗಳನ್ನು ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಎಸ್‌ಸಿ-100 ಎಂಬ ಅರ್ಜಿಯನ್ನು ತುಂಬಬೇಕು. ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು. ಶುಲ್ಕ ಮೊತ್ತಕ್ಕೆ ತಕ್ಕಂತೆ ಸಾಮಾನ್ಯವಾಗಿ 30ರಿಂದ 75 ಡಾಲರ್. ವಿಚಾರಣೆಯಲ್ಲಿ ಯಾರ ಪರವಾಗಿಯೂ ವಕೀಲರು ವಾದಿಸುವಂತಿಲ್ಲವಾದ್ದರಿಂದ, ಎದುರಿನವರು ದೊಡ್ಡ ಲಾಯರನ್ನು ಕರೆತಂದಾರೆಂಬ ಭಯ ಬೇಡ. ಅರ್ಜಿಯಲ್ಲಿ ವೀಸಾದ ಪ್ರಶ್ನೆಯೂ ಇಲ್ಲ. ಇಂಗ್ಲಿಷ್ ತೊಡಕೆನಿಸಿದರೆ ಕನ್ನಡ ದುಭಾಷಿ ಬೇಕೆಂದು ಕೋರ್ಟಿಗೆ ಮುಂಚಿತವಾಗಿಯೇ ಕೋರಿಕೆ ಸಲ್ಲಿಸಬಹುದು. ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯಂಥದ್ದು) ಉಚಿತ ಸಲಹೆಗಾರರಿದ್ದಾರೆ. ಸಂಕೋಚಪಡದೆ ಅವರನ್ನು ಕೇಳಿ.

ಹೊಸಬರು ಎಡವುವುದು ಎರಡು ಕಡೆ. ಒಂದು, ಪ್ರತಿವಾದಿಯ ಹೆಸರು: ಬಾಡಿಗೆ ವಸೂಲು ಮಾಡುವ ಮ್ಯಾನೇಜರ್ ಬೇರೆ, ಮಾಲೀಕರು ಬೇರೆ, ಕರಾರುಪತ್ರದಲ್ಲಿರುವ ಹೆಸರನ್ನು ಒಂದಕ್ಷರ ಬಿಡದೆ ಬರೆಯಿರಿ. ಇನ್ನೊಂದು, ಅರ್ಜಿಯ ಪ್ರತಿಯನ್ನು ಅವರಿಗೆ ಮುಟ್ಟಿಸುವುದು. ಅದನ್ನು ನೀವೇ ಕೊಡುವಂತಿಲ್ಲ. ದಾವೆಯಲ್ಲಿ ಪಾಲಿಲ್ಲದ, 18 ತುಂಬಿದ ಬೇರೊಬ್ಬರು, ಅದೇ ಕೌಂಟಿಯವರಾದರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ ಖುದ್ದಾಗಿ ಕೊಟ್ಟು, ಕೊಟ್ಟೆನೆಂದು ಸಹಿ ಮಾಡಬೇಕು. ನನ್ನ ಕಾಗದವನ್ನು ಹಾಸನದ ಗೆಳತಿಯೊಬ್ಬಳು ಒಯ್ದಿದ್ದಳು.

ನನ್ನ ಮೊದಲ ಮನೆಯ ಮಾಲೀಕರು ಕಾರ್ಪೆಟ್ ಪೂರ್ತಿ ಬದಲಾಯಿಸಬೇಕೆಂದು 1,400 ಡಾಲರ್ ಹಿಡಿದಿದ್ದರು. ಕಿಟಕಿಯ ಕೆಳಗಿನ ಕಂದು ಕಲೆ ನಾವು ಒಳಹೊಕ್ಕ ದಿನವೇ ಇತ್ತು, ಪೆಟ್ಟಿಗೆ ಬಿಚ್ಚುವ ಮೊದಲೇ ನನ್ನ ಗಂಡ ಅದರ ಫೋಟೋ ತೆಗೆದಿದ್ದರು. ಆಗ ನಾನು ಅದನ್ನು ಅತಿಯೆಂದು ನಕ್ಕಿದ್ದೆ. ನ್ಯಾಯಾಧೀಶರಿಗೊಂದು, ಎದುರಿನವರಿಗೊಂದು, ನನಗೊಂದು ಎಂದು ಮೂರು ಪ್ರತಿ ಮುದ್ರಿಸಿ ಒಯ್ದೆ. ನಾನು ಎರಡು ವಾಕ್ಯ ಹೇಳುವಷ್ಟರಲ್ಲೇ ನ್ಯಾಯಾಧೀಶರು ಫೋಟೋದ ತಾರೀಖು ನೋಡಿ, ಕಾರ್ಪೆಟ್ ಹಾಕಿಸಿ ಎಷ್ಟು ವರ್ಷವಾಯಿತೆಂದು ಮಾಲೀಕರನ್ನು ಕೇಳಿದರು. ಅವರ ಬಳಿ ರಸೀದಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮನೆ ಎಷ್ಟು ಪ್ರೀತಿಯಿಂದ ನೋಡಿಕೊಂಡೆವೆಂದು ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದ ಭಾಷಣ ಯಾರಿಗೂ ಬೇಕಾಗಲಿಲ್ಲ.

ದಾವೆ ಹೂಡಿದವರು ಸೋತರೆ ಮೇಲ್ಮನವಿಗೆ ಅವಕಾಶವಿಲ್ಲ, ಆದ್ದರಿಂದ ಕಾಗದಪತ್ರ ಸರಿಯಿಲ್ಲದೆ ಆತುರಪಡಬೇಡಿ; ಸೋತ ಪ್ರತಿವಾದಿಗೆ ಮಾತ್ರ 30 ದಿನಗಳ ಅವಕಾಶವಿದೆ. ಗೆದ್ದರೂ ಕೋರ್ಟು ತಾನಾಗಿ ಹಣ ವಸೂಲು ಮಾಡಿಕೊಡುವುದಿಲ್ಲ. ಮೇಲ್ಮನವಿಯನ್ನೂ ಹಾಕದೆ ಹಣವನ್ನೂ ಕೊಡದ ಪ್ರತಿವಾದಿ ತನ್ನ ಆಸ್ತಿ, ಬ್ಯಾಂಕು, ಸಂಬಳಗಳ ವಿವರವನ್ನು ಎಸ್‌ಸಿ-133 ನಮೂನೆಯಲ್ಲಿ ತುಂಬಿ ನಿಮಗೆ ಕಳಿಸಬೇಕು. ನನ್ನ ಮಾಲೀಕರು ಆ ನಮೂನೆಯನ್ನು ತುಂಬಲು ಹೋಗಲಿಲ್ಲ, ಮೂರನೆಯ ವಾರಕ್ಕೆ ಚೆಕ್ ಕಳಿಸಿದರು.