ಹಳೇ ವಾಡೆ ಉಳಿಸಬೇಕಾ? ಮೊದಲು ಮಾಳಿಗೆ ಹತ್ತಿ ನೋಡಿ

ಧಾರವಾಡದ ಹಳೇ ಓಣಿಯಲ್ಲೋ ಗದಗ-ಬೆಟಗೇರಿಯಲ್ಲೋ ಒಂದು ವಾಡೆ, ಅಂದರೆ ಹಳೇ ಕಾಲದ ದೊಡ್ಡ ಮನೆ, ಬೀಳುವ ಹಾಗಾದಾಗ ಎಲ್ಲರೂ ಮೊದಲು ಕೇಳೋದು "ದುಡ್ಡು ಎಲ್ಲಿಂದ ತರೋದು?" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೇದು, ನೀರು ಎಲ್ಲಿಂದ ಇಳೀತಾ ಇದೆ? ಎರಡನೇದು, ರಿಪೇರಿ ಮುಗಿದ ಮೇಲೆ ದಿನಾ ಬೆಳಿಗ್ಗೆ ಆ ಬಾಗಿಲು ತೆಗೆಯೋರು ಯಾರು? ಇವೆರಡಕ್ಕೆ ಉತ್ತರ ಇಟ್ಟುಕೊಂಡು ಹೋದರೆ ದುಡ್ಡು ಕೊಡುವವರ ಮುಂದೆ ಕೂತು ಮಾತಾಡಬಹುದು.

ಎರಡನೇ ಪ್ರಶ್ನೆಗೆ ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವನ್ನೇ ನೋಡಿ. ಅದನ್ನು ಕಾಲೇಜಿಗೆ ಅಂತ ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆಯ ಕಚೇರಿ ಅದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿತು, ಕಚೇರಿ ಊರು ಬಿಟ್ಟಿತು. 1917ರಲ್ಲಿ ಶುರುವಾದ ಕಾಲೇಜು ಆಮೇಲೆ ಅಲ್ಲಿಗೆ ಬಂತು. ಅಂದಿನಿಂದ ಇಂದಿನವರೆಗೆ ಅಲ್ಲಿ ಹುಡುಗರು ಓಡಾಡ್ತಾನೇ ಇದ್ದಾರೆ, ಹಾಗಾಗಿ ಕಟ್ಟಡವೂ ನಿಂತಿದೆ. ಹುಬ್ಬಳ್ಳಿಯಲ್ಲಿ ಗದಗ ರಸ್ತೆ ಕಡೆ ಇರುವ ಹಳೇ ರೈಲ್ವೆ ಮನೆಗಳು 2020ರಲ್ಲಿ ರೈಲ್ವೆ ಮ್ಯೂಸಿಯಂ ಆದವು. ಇನ್ನೊಂದು ಕಡೆ, ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹಾನಗಲ್ ಹುಟ್ಟಿದ ಮನೆ ಇದೆ. ಅದನ್ನು ದುರಸ್ತಿ ಮಾಡಿ ಸಂಗ್ರಹಾಲಯವನ್ನೂ ಮಾಡಿದರು. ಆಮೇಲೆ ನೋಡಿಕೊಳ್ಳುವವರಿಲ್ಲದೆ ಅದು ಮತ್ತೆ ಹಾಳಾಯಿತು. ನೆನೆಸಿಕೊಂಡರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಈಗ ಕೆಲಸಕ್ಕೆ ಬರೋಣ. ಒಬ್ಬ ಹಳೇ ಗೌಂಡಿಯನ್ನು (ಗಾರೆ ಮೇಸ್ತ್ರಿಯನ್ನು) ಕರೆದುಕೊಂಡು ಮಾಳಿಗೆ ಹತ್ತಿ. ಸರಿದ ಹೆಂಚು, ಕಸ ಕಟ್ಟಿದ ದೋಣಿ (ಮಾಡಿನ ನೀರು ಹರಿದು ಹೋಗುವ ಕಾಲುವೆ), ಗೋಡೆ ಸಂದಿಯಲ್ಲಿ ಬೇರು ಬಿಟ್ಟ ಆಲದ ಸಸಿ, ಇವನ್ನು ಮೊದಲು ಸರಿ ಮಾಡಿ. ಸಸಿಯನ್ನು ಸುಮ್ನೆ ಕೈಯಲ್ಲಿ ಎಳೆದರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಬೇರು ಸಮೇತ ತೆಗೆಸಬೇಕು. ಪೂರ್ತಿ ರಿಪೇರಿಗೆ ದುಡ್ಡಿಲ್ಲದಿದ್ದರೆ ತಗಡಾದರೂ ಹೊದಿಸಿ. ಒಂದೆರಡು ಮಳೆಗಾಲ ತಡೆದರೂ ಸಾಕು, ನಿಮಗೆ ಯೋಚನೆ ಮಾಡೋಕೆ ಟೈಮ್ ಸಿಗುತ್ತದೆ.

ಆಮೇಲೆ ಸಿಮೆಂಟ್. ದಯವಿಟ್ಟು ಹಳೇ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ನಮ್ಮ ಅಜ್ಜನ ಮನೆಯಲ್ಲಿ ಈ ತಪ್ಪು ಆಗಿದೆ. ಪಡಸಾಲೆ ಗೋಡೆ ಮೊದಲ ವರ್ಷ ಬಹಳ ಚಂದ ಕಾಣ್ತಿತ್ತು. ಮೂರನೇ ಮಳೆಗಾಲಕ್ಕೆ ನೆಲದಿಂದ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಎದ್ದಿತು. ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ಒಂದು ಚಕ್ಕೆ ಎಬ್ಬಿಸಿದಾಗ ಹಿಂದಿನ ಮಣ್ಣು ಹಸಿ ಹಸಿ, ಹೆಬ್ಬೆರಳಿಟ್ಟರೆ ಒಳಗೆ ಹೋಗ್ತಿತ್ತು. ನೆಲದಿಂದ ಏರಿದ ಪಸೆ ಸಿಮೆಂಟ್ ದಾಟಿ ಹೊರಗೆ ಹೋಗೋಕಾಗದೆ ಗೋಡೆಯಲ್ಲೇ ಕೂತಿತ್ತು. ಅದೇ ಗೋಡೆಯಲ್ಲಿ ಕೂತಿದ್ದ ತೊಲೆಯ ತುದಿಗೆ ಗೆದ್ದಲು ಹಿಡಿದಿದ್ದೂ ಆಗಲೇ ಗೊತ್ತಾಯಿತು. ಸುಣ್ಣದ ಗಾರೆಯಾದರೆ ಆ ಪಸೆ ಹೊರಗೆ ಆರಿ ಹೋಗುತ್ತದೆ. ಸುಣ್ಣವನ್ನು ನೀರಲ್ಲಿ ವಾರಗಟ್ಟಲೆ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆಯುತ್ತಿದ್ದವರು ನಮ್ಮ ಕಡೆ ಈಗ ಕಡಿಮೆ. ಅಂಥ ಒಬ್ಬರು ಸಿಕ್ಕರೆ ಅವರ ಜೊತೆ ಇಬ್ಬರು ಹುಡುಗರನ್ನು ಕೆಲಸಕ್ಕೆ ಹಚ್ಚಿ, ಅವರ ಕೂಲಿಯನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಿರಿ.

ಕಾಗದಪತ್ರದ ವಿಷಯ. ಉತಾರ (ಮನೆ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ), ಸಿಟಿ ಸರ್ವೆ ಕಚೇರಿಯ ಆಸ್ತಿ ಕಾರ್ಡು, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಮೂರೂ ತೆಗೆಸಿ ಹೆಸರು ತಾಳೆ ನೋಡಿ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು) ಆಗಿರೋದಿಲ್ಲ, ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಲ್ಲಿ ಇರ್ತಾರೆ, ಹೆಣ್ಣುಮಕ್ಕಳ ಪಾಲನ್ನು ಯಾರೂ ಬಾಯಿಬಿಟ್ಟು ಹೇಳಿರೋದಿಲ್ಲ. ಎಲ್ಲರ ಸಹಿ ಬರೋತನಕ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ, ಮಾಡು ಸೋರೋದನ್ನು ತಡೆಯೋದೊಂದು ಬಿಟ್ಟು. ಇನ್ನೊಂದು ಮಾತು. ಮನೆ ಪಕ್ಕ ಕೇಂದ್ರ ಪುರಾತತ್ವ ಇಲಾಖೆಯ ಗುಡಿ ಇದೆಯಾ ನೋಡಿ. ಉಣಕಲ್ಲಿನ ಚಂದ್ರಮೌಳೇಶ್ವರ, ಗದಗದ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳು, ಇಂಥ ಕಡೆ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ರಿಪೇರಿಗೂ ಮೊದಲೇ ಕೇಳಿಕೊಳ್ಳಿ.

ಕಟ್ಟಡ ಯಾವುದಕ್ಕೆ ಬಳಸಬೇಕು ಅನ್ನೋದನ್ನು ಓಣಿಯಲ್ಲಿ ಎರಡು ದಿನ ಓಡಾಡಿ ತೀರ್ಮಾನ ಮಾಡಿ. ಎಲ್ಲರಿಗೂ ಮೊದಲು ಹೊಳೆಯೋದು ಮ್ಯೂಸಿಯಂ. ಆದರೆ ಟಿಕೆಟ್ ದುಡ್ಡಲ್ಲಿ ಕಾವಲುಗಾರನ ಪಗಾರ ಹುಟ್ಟೋದೂ ಕಷ್ಟ. ಧಾರವಾಡದಲ್ಲಿ ಪರೀಕ್ಷೆಗೆ ಓದೋಕೆ ಬಂದ ಹುಡುಗ ಹುಡುಗಿಯರು ಎಷ್ಟಿದ್ದಾರೆ ಅಲ್ವಾ? ದಪ್ಪ ಗೋಡೆಯ ತಂಪು ಪಡಸಾಲೆ ಓದುವ ಕೋಣೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ತಿಂಗಳ ಫೀಯೂ ಬರುತ್ತದೆ. ಪುಸ್ತಕದ ಕಪಾಟು ಮಾತ್ರ ಕೆಳಗೇ ಇರಲಿ, ಅಟ್ಟದ ಜಂತಿ ಅಷ್ಟು ಭಾರ ತಡೆಯೋದಿಲ್ಲ. ಸಂಗೀತದ ಪಾಠ, ಕಸೂತಿ ಅಂಗಡಿ, ಬೆಟಗೇರಿಯಲ್ಲಾದರೆ ಕೈಮಗ್ಗದ ಸೀರೆ ಮಾರಾಟ, ಇವೂ ಹೊಂದುತ್ತವೆ. ಖಾನಾವಳಿ ಮಾಡೋದಾದರೆ ಒಲೆ ಹಿತ್ತಲಲ್ಲಿ ಇರಲಿ. ಹೊಗೆ, ಹಬೆ, ನೀರು ಸೇರಿದರೆ ಸಾಗವಾನಿಯೂ ಬಾಳೋದಿಲ್ಲ.

ಇನ್ನು ದುಡ್ಡು. ಮನೆ ಖಾಸಗಿಯದಾದರೆ ದಾನ ಹುಡುಕೋದಕ್ಕಿಂತ ಬಾಡಿಗೆದಾರರನ್ನು ಹುಡುಕಿ. ಐದಾರು ವರ್ಷಕ್ಕೆ ಲೀಸ್ ಬರೆದುಕೊಟ್ಟು, ಅವರ ಡಿಪಾಸಿಟ್ಟನ್ನು ಮಾಳಿಗೆಗೆ ಹಾಕಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು, ಇಲ್ಲಿ ಸ್ಟ್ಯಾಂಪ್ ದುಡ್ಡು ಉಳಿಸೋಕೆ ಹೋಗಬೇಡಿ. ಬಾಡಿಗೆ 20,000 ಬಂದರೆ ಪ್ರತಿ ತಿಂಗಳು 5,000 ಬೇರೆ ಖಾತೆಗೆ ಹಾಕಿ, ಅದನ್ನು ಕಟ್ಟಡಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಕಟ್ಟಡ ಟ್ರಸ್ಟಿನದೋ ಸಂಘದ್ದೋ ಆಗಿ, ಊರಿಗೆಲ್ಲ ತೆರೆದಿದ್ದರೆ ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡು, ಕೇಳಬಹುದು. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಸೇರಿದೆ. ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ನಿಮ್ಮ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು, ಜೊತೆಗೆ ಮೂರು ವರ್ಷ ಇದೇ ತರಹದ ಕೆಲಸ ಮಾಡಿರಬೇಕು. ನಿನ್ನೆ ಮೊನ್ನೆ ಕಟ್ಟಿದ ಸಂಘ ಆದರೆ ಹಳೇ ಸಂಸ್ಥೆಯೊಂದರ ಜೊತೆ ಸೇರಿಕೊಂಡು ಅರ್ಜಿ ಹಾಕಿ. ಸರ್ಕಾರ ರಕ್ಷಿಸಿದ ಸ್ಮಾರಕಗಳಿಗೆ ದಾರಿ ಬೇರೆ. 1996ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದೆ, ರಾಜ್ಯದ "ನಮ್ಮ ಸ್ಮಾರಕ" ದತ್ತು ಯೋಜನೆಯೂ ಇದೆ.

ಯಾರ ಹತ್ತಿರ ಹೋದರೂ ಒಂದೇ ಸಲಕ್ಕೆ ಪೂರ್ತಿ ಮೊತ್ತ ಕೇಳಬೇಡಿ. ಮಾಳಿಗೆಗೆ ಎಷ್ಟು, ಗೋಡೆಗೆ ಎಷ್ಟು, ವೈರಿಂಗ್ ಮತ್ತು ಶೌಚಾಲಯಕ್ಕೆ ಎಷ್ಟು ಅಂತ ಬೇರೆ ಬೇರೆ ಹಾಳೆಯಲ್ಲಿ ಬರೆದು, ಪ್ರತಿ ಹಾಳೆಗೂ ಒಂದು ಫೋಟೋ ಅಂಟಿಸಿ. ಗೌಂಡಿಗೆ ಏಪ್ರಿಲ್‌ನಲ್ಲೇ ಹೇಳಿಡಿ. ಮಿರಗದ (ಮೃಗಶಿರಾ) ಮಳೆ ಹತ್ತಿರ ಬಂತು ಅಂದರೆ ಅವರು ಕೈಗೆ ಸಿಗೋದಿಲ್ಲ.